ಮೈಸೂರಿನ ಮುಂದಾಳತ್ವ ಮತ್ತು ಅದರ ಎಲ್ಲೆ: ಏಕೀಕರಣದ ಚರಿತ್ರೆಗೊಂದು ಮರುನೋಟ

ಕರ್ನಾಟಕ ಏಕೀಕರಣದ ಚರಿತ್ರೆಯನ್ನು ಧಾರವಾಡದಿಂದ ಆರಂಭಿಸುವುದು ವಾಡಿಕೆ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಪ್ರಕಟವಾದ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಮತ್ತು ಅದರೊಡನೆ ನಡೆದ ಏಕೀಕರಣ ಪರಿಷತ್ತು: ಈ ಮೈಲಿಗಲ್ಲುಗಳೆಲ್ಲ ತುಂಗಭದ್ರೆಯ ಉತ್ತರಕ್ಕಿವೆ. ಆದರೆ ಕನ್ನಡವಾಡುವ ಜನರ ಅತಿ ದೊಡ್ಡ ಹಾಗೂ ಅತಿ ಸಂಪನ್ನವಾದ ರಾಜ್ಯವಿದ್ದುದು ನದಿಯ ದಕ್ಷಿಣಕ್ಕೆ. ಮೈಸೂರು ಸಂಸ್ಥಾನಕ್ಕೆ ಅರಸನಿದ್ದ, ದಿವಾನನಿದ್ದ, ಬೊಕ್ಕಸವಿತ್ತು, ವಿಶ್ವವಿದ್ಯಾನಿಲಯವಿತ್ತು. ಹೀಗಿದ್ದೂ ಒಂದುಗೂಡುವ ಕರೆ ಅಲ್ಲಿಂದ ಏಕೆ ಬರಲಿಲ್ಲ? ಕೊನೆಗೆ ಒಂದುಗೂಡಿದಾಗ ಅದರ ಮುಂದಾಳತ್ವ ಮೈಸೂರಿನ ಕೈಯಲ್ಲಿ ಏಕೆ ಉಳಿಯಲಿಲ್ಲ? ಈ ಎರಡು ಪ್ರಶ್ನೆಗಳು ಒಂದೇ ನಾಣ್ಯದ ಎರಡು ಮುಖಗಳು. ಬಲವುಳ್ಳ ರಾಜ್ಯವೊಂದು ತನ್ನ ನೆರೆಹೊರೆಯನ್ನು ಕೂಡಿಸುವಾಗ ಆ ಬಲವೇ ಎಲ್ಲಿ ತೊಡಕಾಗುತ್ತದೆಂಬುದನ್ನು ಇವು ತಿಳಿಸುತ್ತವೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡನಾಡಿನ ನಕಾಶೆ ಚೂರುಚೂರಾಯಿತು. ಮೈಸೂರು ಒಡೆಯರಿಗೆ ಒಂದು ಪಾಲು, ನಿಜಾಮನಿಗೆ ಒಂದು, ಕಂಪನಿ ಸರ್ಕಾರಕ್ಕೆ ಒಂದು. ಮುಂದೆ ಪೇಶ್ವೆಯ ಪತನವಾದಾಗ ಧಾರವಾಡ, ಬೆಳಗಾವಿ, ವಿಜಾಪುರಗಳ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದರಾಸಿಗೆ, ಬೀದರ್, ಗುಲಬರ್ಗಾ, ರಾಯಚೂರು ಹೈದರಾಬಾದಿಗೆ, ಕೊಡಗು ಬೇರೆ. ಇವುಗಳ ನಡುವೆ ಮುಧೋಳ, ಜಮಖಂಡಿ, ಸೊಂಡೂರಿನಂತಹ ಸಣ್ಣ ಸಂಸ್ಥಾನಗಳು ಚೆದುರಿದ್ದವು. ಒಟ್ಟು ಇಪ್ಪತ್ತರಷ್ಟು ಆಡಳಿತಗಳಲ್ಲಿ ಕನ್ನಡಿಗರು ಹಂಚಿಹೋಗಿದ್ದರು. ಬಹುಪಾಲು ಕಡೆಗಳಲ್ಲಿ ಅವರು ಅನ್ಯಭಾಷಿಕ ಬಹುಸಂಖ್ಯಾತರ ನೆರಳಿನಲ್ಲಿದ್ದ ಅಲ್ಪಸಂಖ್ಯಾತರು. ಮೈಸೂರಿನಲ್ಲಿ ಮಾತ್ರ ಅವರದೇ ಮನೆ.

ತುಮಕೂರು ಜಿಲ್ಲೆಯ ತೆಂಗಿನ ಸೀಮೆ ಈ ಮನೆಯ ಉತ್ತರದ ಅಂಕಣ. ಬೆಂಗಳೂರಿನಿಂದ ಹೊರಟ ರೈಲುಹಳಿ ತುಮಕೂರು, ಗುಬ್ಬಿ, ಸಂಪಿಗೆ ರಸ್ತೆ, ತಿಪಟೂರು, ಅರಸೀಕೆರೆಗಳನ್ನು ದಾಟಿ ಹರಿಹರವನ್ನು ಮುಟ್ಟುತ್ತಿತ್ತು. ತುಂಗಭದ್ರೆಯ ಸೇತುವೆಯಾಚೆ ಮುಂಬಯಿ ಪ್ರಾಂತದ ರಾಣೆಬೆನ್ನೂರು, ಅನಂತರ ಹುಬ್ಬಳ್ಳಿ. ಹಳಿ ಒಂದೇ, ಎರಡೂ ದಡದ ಮಾತು ಒಂದೇ. ಆದರೆ ಸೇತುವೆಯ ಆಚೆಗೆ ಕಾನೂನು ಬೇರೆ, ಕಂದಾಯ ಬೇರೆ, ಶಾಲೆಯ ಪಠ್ಯ ಬೇರೆ. ಸಂಪಿಗೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳ ಕೊಬ್ಬರಿ ತಿಪಟೂರಿನ ಪೇಟೆಗೆ ಬಂದು ಉತ್ತರದ ಗಿರಾಕಿಯನ್ನು ಕಾಯುತ್ತಿತ್ತು. ವ್ಯಾಪಾರಕ್ಕೆ ಗಡಿ ಅಡ್ಡವಾಗಲಿಲ್ಲ. ರಾಜ್ಯಕ್ಕೆ ಮಾತ್ರ ಅದು ಗೋಡೆಯಾಗಿತ್ತು.

ಮೈಸೂರು ಏನನ್ನೂ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ವಿದ್ವತ್ತಿನ ಕ್ಷೇತ್ರದಲ್ಲಿ ಅದು ನೀಡಿದ ಮುಂದಾಳತ್ವ ದೊಡ್ಡದು. ಬಿ.ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು 1886ರಿಂದ ಹೊರಬರತೊಡಗಿದವು. ಶ್ರವಣಬೆಳಗೊಳದ ಶಾಸನಗಳ ಸಂಪುಟ 1889ರಲ್ಲಿ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಶಾಸನಗಳನ್ನೊಳಗೊಂಡ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ‘ಬಿಬ್ಲಿಯೋಥಿಕಾ ಕರ್ನಾಟಿಕ’ ಮಾಲೆಯಲ್ಲಿ ಹಳಗನ್ನಡ ಕಾವ್ಯಗಳು ಅಚ್ಚಾದವು. 1898ರಲ್ಲಿ ಆ ಮಾಲೆಯಲ್ಲಿ ಬಂದ ‘ಕವಿರಾಜಮಾರ್ಗ’ವನ್ನು ಸಂಪಾದಿಸಿದವರು ಮುಂಬಯಿ ಪ್ರಾಂತದಲ್ಲಿದ್ದ ಕೆ.ಬಿ. ಪಾಠಕರು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಗುರುತಿಸಿದ ಕೃತಿ ಅದು. ಹರಿದು ಹಂಚಿಹೋದ ನಾಡಿನ ಒಂದು ಭಾಗದ ವಿದ್ವಾಂಸರು ಸಂಪಾದಿಸಿ ಇನ್ನೊಂದು ಭಾಗದ ಸರ್ಕಾರ ಅಚ್ಚುಹಾಕಿಸಿದ ಈ ಗ್ರಂಥ, ರಾಜಕೀಯ ಏಕೀಕರಣಕ್ಕಿಂತ ಐವತ್ತೆಂಟು ವರ್ಷ ಮೊದಲೇ ನಡೆದ ಒಂದು ಸಣ್ಣ ಏಕೀಕರಣ.

ಆದರೆ ಈ ಮುಂದಾಳತ್ವದ ಎಲ್ಲೆಯೂ ಇಲ್ಲಿಯೇ ಕಾಣುತ್ತದೆ. ರೈಸರ ಶಾಸನ ಸಂಪುಟಗಳು ಮೈಸೂರು ಮತ್ತು ಕೊಡಗಿನ ಗಡಿಯಲ್ಲಿ ನಿಂತುಬಿಟ್ಟವು. ಕನ್ನಡ ಶಾಸನಗಳು ಅಲ್ಲಿ ನಿಲ್ಲಲಿಲ್ಲ. ಜೈನ ಸಾಹಿತ್ಯದ ಅಭ್ಯಾಸಿಗೆ ಇದರ ಅರ್ಥ ಬೇಗ ಆಗುತ್ತದೆ. ಶ್ರವಣಬೆಳಗೊಳ ಮೈಸೂರಿನಲ್ಲಿದ್ದರೆ, ಶಾಸನಗಳು ಹಾಡಿಹೊಗಳುವ ಮಹಾತೀರ್ಥ ಕೊಪಣ, ಅಂದರೆ ಇಂದಿನ ಕೊಪ್ಪಳ, ನಿಜಾಮನ ರಾಜ್ಯದಲ್ಲಿತ್ತು. ಅಲ್ಲಿಯ ಕನ್ನಡ ಶಾಸನಗಳು 1935ರಲ್ಲಿ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರತ್ಯೇಕವಾಗಿ ಹೊರಬಂದವು. ರನ್ನನ ಹುಟ್ಟೂರು ಮುದುವೊಳಲು ಮರಾಠ ಮನೆತನವೊಂದರ ಸಂಸ್ಥಾನವಾಗಿತ್ತು. ಆದರೆ ಅವನಿಗೆ ಆಶ್ರಯವಿತ್ತ ಚಾವುಂಡರಾಯನ ನೆಲೆ ಮೈಸೂರು ಸೀಮೆ. ರತ್ನಾಕರವರ್ಣಿಯ ಮೂಡಬಿದಿರೆ ಮದರಾಸು ಪ್ರಾಂತದಲ್ಲಿ. ಪಂಪನ ಸೋದರ ಜಿನವಲ್ಲಭನು ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನ ತೆಲುಗು ಸೀಮೆಯ ಕರೀಂನಗರದಲ್ಲಿದ್ದು, ಬಹುಕಾಲ ಕನ್ನಡ ವಿದ್ವಾಂಸರ ಕಣ್ಣಿಗೆ ಬೀಳಲಿಲ್ಲ. ಹತ್ತನೆಯ ಶತಮಾನದ ಒಂದೇ ಸಾಹಿತ್ಯ ಪರಂಪರೆಯನ್ನು ಹಿಂಬಾಲಿಸಬೇಕಾದರೆ ಇಪ್ಪತ್ತನೆಯ ಶತಮಾನದ ವಿದ್ಯಾರ್ಥಿ ನಾಲ್ಕು ಸರ್ಕಾರಗಳ ಪ್ರಕಟಣೆಗಳನ್ನು ಹುಡುಕಬೇಕಾಗಿತ್ತು. ಮೈಸೂರು ತನ್ನ ಗಡಿಯೊಳಗಿನ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತು. ಅದು ಚೆನ್ನಾಗಿದ್ದುದರಿಂದಲೇ ಗಡಿಯಾಚೆಗಿನ ಕೊರತೆ ಎದ್ದು ಕಂಡಿತು.

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತು ಈ ಕೊರತೆಗೆ ಮೈಸೂರು ಕೊಟ್ಟ ಉತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಎಚ್.ವಿ. ನಂಜುಂಡಯ್ಯನವರು ಮೊದಲ ಸಮ್ಮೇಳನದ ಅಧ್ಯಕ್ಷರು. ಪರಿಷತ್ತು ಸಂಸ್ಥಾನದ ಆಶ್ರಯದಲ್ಲಿ ಹುಟ್ಟಿದರೂ ಸಂಸ್ಥಾನದೊಳಗೇ ಉಳಿಯಲಿಲ್ಲ. 1918ರ ಸಮ್ಮೇಳನ ಧಾರವಾಡದಲ್ಲಿ ನಡೆದು, ಮೈಸೂರಿನ ಆರ್. ನರಸಿಂಹಾಚಾರ್ಯರು ಅಧ್ಯಕ್ಷತೆ ವಹಿಸಿದರು. ಅವರ ‘ಕರ್ನಾಟಕ ಕವಿಚರಿತೆ’ ಕವಿಗಳನ್ನು ಆಡಳಿತದ ಗಡಿಗಳಿಂದ ವಿಂಗಡಿಸದೆ ಕಾಲಾನುಕ್ರಮದಲ್ಲಿ ನಿಲ್ಲಿಸಿತ್ತು. 1920ರ ಸಮ್ಮೇಳನ ಮದರಾಸು ಪ್ರಾಂತಕ್ಕೆ ಸೇರಿದ್ದ ಹೊಸಪೇಟೆಯಲ್ಲಿ ನಡೆಯಿತು. ಸಾಹಿತ್ಯದ ವೇದಿಕೆಯಲ್ಲಿ ಮೈಸೂರಿನ ಹಿರಿತನವನ್ನು ಯಾರೂ ಶಂಕಿಸಲಿಲ್ಲ. ಅಲ್ಲಿ ಯಾರೂ ಯಾರ ಅಧಿಕಾರವನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ, ಯಾರ ಕಂದಾಯವೂ ಯಾರ ಬೊಕ್ಕಸಕ್ಕೂ ಹೋಗಬೇಕಾಗಿರಲಿಲ್ಲ.

ರಾಜಕೀಯಕ್ಕೆ ಬಂದಾಗ ಈ ಸರಾಗ ನಿಂತುಹೋಯಿತು. ಇದಕ್ಕೆ ಮೊದಲ ಕಾರಣ ಸಂಸ್ಥಾನದ ಸ್ವರೂಪದಲ್ಲೇ ಇತ್ತು. ಮೈಸೂರಿನ ಅರಸೊತ್ತಿಗೆ 1799ರ ಒಪ್ಪಂದದಿಂದ ಮರುಹುಟ್ಟು ಪಡೆದದ್ದು. 1831ರಲ್ಲಿ ಆಡಳಿತವನ್ನು ಕಳೆದುಕೊಂಡು 1881ರಲ್ಲಿ ಷರತ್ತುಗಳೊಂದಿಗೆ ಮರಳಿ ಪಡೆದದ್ದು. ಸಾರ್ವಭೌಮ ಸತ್ತೆ ಬ್ರಿಟಿಷರದು. ಅವರ ಪ್ರಾಂತಗಳ ನೆಲದ ಮೇಲೆ ಹಕ್ಕು ಕೇಳುವ ಅಧಿಕಾರ ಆ ಸತ್ತೆಯ ಕೃಪೆಯಲ್ಲಿದ್ದ ಅರಸನಿಗಿರಲಿಲ್ಲ. ನೆರೆಯ ಕನ್ನಡಿಗರ ದೃಷ್ಟಿಯಲ್ಲಿ ಮೈಸೂರು ದೊಡ್ಡಣ್ಣನಾದರೂ, ಆ ಅಣ್ಣನ ಕೈ ಕಟ್ಟಿತ್ತು.

ಎರಡನೆಯ ಕಾರಣ ನೆರೆಯವರ ಹಿಂಜರಿಕೆ. ಕಾಂಗ್ರೆಸ್ಸಿನ ನಾಗಪುರ ಅಧಿವೇಶನದ ನಂತರ ಭಾಷಾವಾರು ಪ್ರಾಂತೀಯ ಸಮಿತಿಗಳು ರೂಪುಗೊಂಡು ಕರ್ನಾಟಕಕ್ಕೂ ಒಂದು ಸಮಿತಿ ದೊರೆಯಿತು. ಅದರ ಬೇರುಗಳಿದ್ದುದು ಹುಬ್ಬಳ್ಳಿ-ಧಾರವಾಡದ ಕಡೆ. ಸಂಸ್ಥಾನಗಳ ಒಳಾಡಳಿತದಲ್ಲಿ ಕಾಂಗ್ರೆಸ್ ಕೈಹಾಕಬಾರದೆಂಬುದು ಆ ಕಾಲದ ನೀತಿ. ಹೀಗಾಗಿ 1924ರಲ್ಲಿ ಬೆಳಗಾವಿಯಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತು ಸೇರಿದಾಗಲೂ, 1928ರಲ್ಲಿ ನೆಹರೂ ವರದಿ ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಎತ್ತಿಹಿಡಿದಾಗಲೂ, ಕಣ್ಣಮುಂದಿದ್ದುದು ಮುಖ್ಯವಾಗಿ ಬ್ರಿಟಿಷ್ ಆಡಳಿತದ ಕನ್ನಡ ಜಿಲ್ಲೆಗಳೇ. ಮೈಸೂರನ್ನು ಸೇರಿಸಿಕೊಳ್ಳಬೇಕೆಂದರೆ ಒಂದು ಇಕ್ಕಟ್ಟು ಎದುರಾಗುತ್ತಿತ್ತು: ಚುನಾಯಿತ ಶಾಸನಸಭೆಯ ರುಚಿಕಂಡ ಪ್ರಾಂತದ ಪ್ರಜೆಗಳು ಅರಸನ ಪ್ರಜೆಗಳಾಗಬೇಕೆ, ಅಥವಾ ಅರಸನು ತನ್ನ ರಾಜ್ಯವನ್ನು ಬಿಟ್ಟುಕೊಡಬೇಕೆ? ಮೈಸೂರು ಎಷ್ಟೇ ‘ಮಾದರಿ ಸಂಸ್ಥಾನ’ವೆನಿಸಿದರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. 1902ರ ಶಿವನಸಮುದ್ರದ ವಿದ್ಯುತ್ತು, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, 1923ರ ಭದ್ರಾವತಿ ಕಬ್ಬಿಣದ ಕಾರ್ಖಾನೆ ಇವು ನೆರೆಯವರಲ್ಲಿ ಮೆಚ್ಚುಗೆ ಹುಟ್ಟಿಸಿದವು. ಅಧೀನರಾಗುವ ಒಪ್ಪಿಗೆಯನ್ನು ಹುಟ್ಟಿಸಲಿಲ್ಲ. ಮೆಚ್ಚುಗೆಯೇ ಬೇರೆ, ಒಪ್ಪಿಗೆಯೇ ಬೇರೆ.

1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಾಗ ಈ ಇಕ್ಕಟ್ಟು ಬಗೆಹರಿಯಿತು. ಅರಸೊತ್ತಿಗೆಯ ಅಡ್ಡಿ ಸರಿದ ಮೇಲೆ ಹೊಸ ಅಡ್ಡಿಗಳು ಕಂಡವು. ಈ ಸಲ ಅವು ಮೈಸೂರಿನ ಒಳಗಿನಿಂದಲೇ ಬಂದವು.

ಮೊದಲನೆಯದು ಹಣದ ಲೆಕ್ಕ. ದಶಕಗಳ ಕಾಲ ಕೂಡಿಟ್ಟು ಕಟ್ಟಿದ ಅಣೆಕಟ್ಟು, ಕಾರ್ಖಾನೆ, ವಿದ್ಯುತ್ತಿನ ಫಲವನ್ನು, ಅದಕ್ಕಾಗಿ ತೆರಿಗೆ ಕೊಡದ ಜಿಲ್ಲೆಗಳೊಡನೆ ಏಕೆ ಹಂಚಿಕೊಳ್ಳಬೇಕೆಂದು ಮೈಸೂರಿನ ಅನೇಕ ಮುಖಂಡರು ಕೇಳಿದರು. ಎರಡನೆಯದು ಎಣಿಕೆಯ ಲೆಕ್ಕ. ಸುಮಾರು 90 ಲಕ್ಷ ಜನಸಂಖ್ಯೆಯ ಮೈಸೂರು ಸುಮಾರು 1.9 ಕೋಟಿಯ ರಾಜ್ಯದಲ್ಲಿ ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು. ಹಳೆಯ ಮೈಸೂರಿನ ರಾಜಕೀಯದಲ್ಲಿ ಒಕ್ಕಲಿಗರದು ಮೇಲುಗೈ. ವಿಶಾಲ ಕರ್ನಾಟಕದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚುತ್ತದೆಂಬ ಆತಂಕ ಬಹಿರಂಗವಾಗಿಯೇ ಕೇಳಿಬಂತು. ಮೈಸೂರು ಹಾಗೂ ಕರ್ನಾಟಕ ಎಂಬ ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದ ಇವೆರಡು ಲೆಕ್ಕಗಳಿಂದ ಹುಟ್ಟಿದ್ದು. ಅದನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಆದರೆ ತನ್ನ ಮತದಾರರಿಗೆ ಉತ್ತರ ಹೇಳಬೇಕಾದ ಯಾವ ಸರ್ಕಾರವೂ ಈ ಲೆಕ್ಕವನ್ನು ಮರೆಯಲಾರದು. ಪ್ರಬಲ ರಾಜ್ಯದ ಮುಂದಾಳತ್ವಕ್ಕೆ ಬೀಳುವ ಕಟ್ಟಳೆಗಳಲ್ಲಿ ಇದು ಮುಖ್ಯವಾದುದು: ಕೂಡಿಸುವ ವೆಚ್ಚವನ್ನು ಕೊಡಬೇಕಾದವರು ಒಳಗಿನ ಜನ, ಅದರ ಮನ್ನಣೆ ಸಲ್ಲುವುದು ಹೊರಗಿನವರಿಂದ.

ಉತ್ತರದಲ್ಲಿ ಸಹನೆ ತೀರಿತ್ತು. 1953ರಲ್ಲಿ ಆಂಧ್ರ ರಾಜ್ಯದ ರಚನೆ ನಿಶ್ಚಯವಾದಾಗ ಕನ್ನಡಿಗರ ಬೇಡಿಕೆ ಮಾತ್ರ ಹಿಂದುಳಿಯಿತೆಂಬ ನೋವು ಆವರಿಸಿತು. ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಜನರ ಸಿಟ್ಟು ಗಲಭೆಯಾಗಿ ಸಿಡಿಯಿತು. ಆ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಮೈಸೂರು ಮೊದಲ ಬಾರಿಗೆ ತನ್ನ ಹಳೆಯ ಗಡಿಯನ್ನು ದಾಟಿತು. ಆದರೆ ಆ ಗೆರೆಯನ್ನು ಎಳೆದದ್ದು ದೆಹಲಿ.

ಇದು ಮುಂದಾಳತ್ವದ ಇನ್ನೊಂದು ಎಲ್ಲೆ. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿಸಿತು. ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅದರ ಸದಸ್ಯರು. ಕನ್ನಡ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಲಿ ಎಂದು ಅದು ಹೇಳಿತು; ಸಂಯುಕ್ತ ರಾಜ್ಯದಲ್ಲಿ ಲಿಂಗಾಯತರು ಶೇ 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು ಶೇ 13-14ರಷ್ಟು ಇರುವರೆಂದೂ, ಆದ್ದರಿಂದ ಯಾವ ಒಂದು ಸಮುದಾಯವೂ ಏಕಸ್ವಾಮ್ಯ ನಡೆಸಲಾರದೆಂದೂ ಸಮಾಧಾನ ಹೇಳಿತು. ಅದೇ ವರದಿ ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಬಳ್ಳಾರಿಯ ಕೆಲವು ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಬಳ್ಳಾರಿಯ ವಿಷಯದಲ್ಲಿ ಶಿಫಾರಸು ನಿಲ್ಲಲಿಲ್ಲ. ಕಾಸರಗೋಡಿನ ವಿಷಯದಲ್ಲಿ ನಿಂತಿತು. ಕನ್ನಡ ರಾಜ್ಯಗಳಲ್ಲಿ ಅತ್ಯಂತ ಬಲಿಷ್ಠವಾದ ಮೈಸೂರಿಗೆ ಭಾರತದ ಭೂಪಟದಲ್ಲಿ ಅಂತಿಮ ಮಾತು ಇರಲಿಲ್ಲ.

ಈ ಹಂತದಲ್ಲಿ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ನಿಲುವು ನಿರ್ಣಾಯಕವಾಯಿತು. ಸ್ವತಃ ಒಕ್ಕಲಿಗರಾಗಿದ್ದೂ, ತಮ್ಮ ಪಕ್ಷದೊಳಗೇ ವಿರೋಧವಿದ್ದೂ, ಅವರು ಏಕೀಕರಣದ ಪರವಾಗಿ ನಿಂತು ಮೈಸೂರು ಶಾಸನಸಭೆಯಲ್ಲಿ ವಾದಿಸಿದರು. ಕುವೆಂಪು ಮೊದಲಾದ ಸಾಹಿತಿಗಳು ಅಖಂಡ ಕರ್ನಾಟಕದ ಪರ ದನಿಯೆತ್ತಿದರು. ಜಯಚಾಮರಾಜ ಒಡೆಯರೂ ಒಪ್ಪಿದರು. ಆದರೆ 1956ರ ಆಗಸ್ಟಿನಲ್ಲಿ ಹನುಮಂತಯ್ಯನವರು ಪಕ್ಷದ ಬೆಂಬಲ ಕಳೆದುಕೊಂಡು ಅಧಿಕಾರದಿಂದ ಇಳಿಯಬೇಕಾಯಿತು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ಹೊಸ ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಹನುಮಂತಯ್ಯನವರು ಹಟತೊಟ್ಟು ಕಟ್ಟಿಸಿದ ವಿಧಾನಸೌಧ ಆ ವರ್ಷವೇ ಪೂರ್ಣಗೊಂಡಿತು. ವಿಶಾಲ ರಾಜ್ಯದ ಮುಖ್ಯಮಂತ್ರಿಯಾಗಿ ಅಲ್ಲಿ ಕೂರುವ ಯೋಗ ಅವರಿಗೆ ಬರಲಿಲ್ಲ. ಅವರ ಪತನಕ್ಕೆ ಪಕ್ಷದ ಒಳಜಗಳಗಳು ಹಲವು ಕಾರಣಗಳನ್ನು ಒದಗಿಸಿದ್ದವು. ಆದರೂ ಮನೆಯ ಬಾಗಿಲನ್ನು ಅಗಲಿಸಿದವನೇ ಹೊಸ್ತಿಲಾಚೆ ಉಳಿದದ್ದು ಏಕೀಕರಣದ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಇಟಲಿಯ ಏಕೀಕರಣದೊಡನೆ ಇದನ್ನು ಹೋಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಅಲ್ಲಿ ಮುಂದಾಳಾಗಿದ್ದುದು ಪಿಯೆಮೊಂಟ್ ರಾಜ್ಯ. 1861ರಲ್ಲಿ ಇಟಲಿ ಒಂದಾದಾಗ ಪಿಯೆಮೊಂಟಿನ ದೊರೆಯೇ ಇಟಲಿಯ ದೊರೆಯಾದ. ಹೊಸ ದೇಶದ ಮೊದಲ ಅರಸನಾಗಿದ್ದರೂ ತನ್ನ ಮನೆತನದ ಎಣಿಕೆಯಂತೆ ‘ಎರಡನೆಯ ವಿಕ್ಟರ್ ಇಮ್ಯಾನುಯೆಲ್’ ಎಂದೇ ಕರೆಸಿಕೊಂಡ. ಪಿಯೆಮೊಂಟಿನ ಕಾನೂನು, ಆಡಳಿತ ಪದ್ಧತಿಗಳು ಕೆಲವೇ ವರ್ಷಗಳಲ್ಲಿ ದಕ್ಷಿಣದವರೆಗೂ ವ್ಯಾಪಿಸಿದವು. ಕೂಡಿಸಿದ್ದೋ ಗೆದ್ದುಕೊಂಡದ್ದೋ ಎಂಬ ಪ್ರಶ್ನೆ ದಕ್ಷಿಣ ಇಟಲಿಯಲ್ಲಿ ಇಂದಿಗೂ ಅಡಗಿಲ್ಲ. ಮೈಸೂರಿಗೂ ಅಂಥ ಒಂದು ‘ಎರಡನೆಯ’ ಅಂಕೆ ಉಳಿದಿತ್ತು: ಹೊಸ ರಾಜ್ಯಕ್ಕೆ ಆಯೋಗ ಸೂಚಿಸಿದ ‘ಕರ್ನಾಟಕ’ದ ಬದಲು ‘ಮೈಸೂರು’ ಎಂಬ ಹೆಸರೇ ನಿಂತಿತು. ರಾಜಧಾನಿ ಬೆಂಗಳೂರೇ, ರಾಜ್ಯಪಾಲರು ಹಿಂದಿನ ಮಹಾರಾಜರೇ. ಆದರೆ ಸೈನ್ಯದಿಂದ ಗೆಲ್ಲದೆ ಸಂಸತ್ತಿನ ಕಾಯಿದೆಯಿಂದ ಕೂಡಿದ ರಾಜ್ಯದಲ್ಲಿ ಮೈಸೂರಿನ ಪದ್ಧತಿಯನ್ನು ಎಲ್ಲರ ಮೇಲೆ ಹೇರಲು ಸಾಧ್ಯವಿರಲಿಲ್ಲ. ಐದು ಆಡಳಿತಗಳಿಂದ ಬಂದ ನೌಕರರ ಸೇವಾಜ್ಯೇಷ್ಠತೆ, ಐದು ಬಗೆಯ ಕಂದಾಯ ಕಾನೂನುಗಳನ್ನು ಹೊಂದಿಸಲು ವರ್ಷಗಳೇ ಹಿಡಿದವು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯಿದೆ ದೊರೆತದ್ದು 1964ರಲ್ಲಿ. ನಿಧಾನವಾದರೂ ಇದು ಮಾತುಕತೆಯ ದಾರಿ.

ಅಧಿಕಾರದ ತಕ್ಕಡಿಯೂ ಮೈಸೂರಿನ ಕಡೆ ವಾಲಲಿಲ್ಲ. ನಿಜಲಿಂಗಪ್ಪನವರು ಹಳೆಯ ಮೈಸೂರಿನ ಚಿತ್ರದುರ್ಗ ಜಿಲ್ಲೆಯವರೇ ಆದರೂ ಅವರು ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಬೆಳೆದವರು. ಅವರ ನಂತರ ಬಂದ ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮುಂದೆ ವೀರೇಂದ್ರ ಪಾಟೀಲ ಉತ್ತರದವರು. 1972ರಲ್ಲಿ ಮೈಸೂರು ಜಿಲ್ಲೆಯ ದೇವರಾಜ ಅರಸು ಮುಖ್ಯಮಂತ್ರಿಯಾದರು. ಮೈಸೂರಿನ ಹೆಸರನ್ನು ಬಿಟ್ಟುಕೊಟ್ಟು 1973ರ ನವೆಂಬರ್ 1ರಂದು ರಾಜ್ಯಕ್ಕೆ ‘ಕರ್ನಾಟಕ’ವೆಂದು ನಾಮಕರಣವಾದದ್ದು ಅವರ ಕಾಲದಲ್ಲಿ, ಅಂದರೆ ರಾಜಮನೆತನದ ಅರಸು ಸಮುದಾಯಕ್ಕೇ ಸೇರಿದ ನಾಯಕನ ಕೈಯಲ್ಲಿ. ಹೆಸರನ್ನು ಉತ್ತರದವರು ಕಿತ್ತುಕೊಂಡಿದ್ದರೆ ಅದು ಸೋಲೆನಿಸುತ್ತಿತ್ತು. ಮೈಸೂರಿನವರೇ ಇಳಿಸಿಟ್ಟದ್ದರಿಂದ ಅದು ಕೊಡುಗೆಯಾಯಿತು.

ಹಾಗೆಂದು ಲೆಕ್ಕ ಚುಕ್ತಾ ಆಗಲಿಲ್ಲ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371-ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡಿತು. ಏಕೀಕರಣದ ಹೊತ್ತಿಗೆ ಮೈಸೂರು ಹೊಂದಿದ್ದ ಮುನ್ನಡೆ ಅರ್ಧ ಶತಮಾನದಲ್ಲಿ ಕರಗಲಿಲ್ಲವೆಂಬುದಕ್ಕೆ ಇವು ಸಾಕ್ಷಿ. ಪ್ರತ್ಯೇಕ ರಾಜ್ಯದ ಮಾತು ಉತ್ತರದಲ್ಲಿ ಆಗಾಗ ಏಳುವುದು ಈ ಅಂತರದಿಂದ.

ಆದರೆ ಅದೇ ವರದಿಯ ಇನ್ನೊಂದು ಪಾಠವನ್ನು ದಕ್ಷಿಣದವರೂ ಉತ್ತರದವರೂ ಸಮನಾಗಿ ಮರೆಯುತ್ತಾರೆ. ಹಿಂದುಳಿದ ತಾಲೂಕುಗಳಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ದಕ್ಷಿಣದಲ್ಲೇ ಇದ್ದವು. ‘ಮಾದರಿ ಮೈಸೂರು’ ಎಂಬುದು ಎಂದೂ ಸಮತಟ್ಟಾದ ನೆಲವಾಗಿರಲಿಲ್ಲ. ಕನ್ನಂಬಾಡಿಯ ನಾಲೆ ಮಂಡ್ಯದ ಬಯಲನ್ನು ಹಸಿರಾಗಿಸಿದಾಗ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಕೆರೆಯ ನೀರು ಮತ್ತು ಮುಂಗಾರಿನ ಮೇಲೆಯೇ ನಿಂತಿತ್ತು. ಹೇಮಾವತಿಯ ನಾಲೆ ಈ ಜಿಲ್ಲೆಯತ್ತ ಬಂದದ್ದು ಏಕೀಕರಣವಾಗಿ ದಶಕಗಳು ಕಳೆದ ಮೇಲೆ. ‘ಮೈಸೂರು ಕೊಟ್ಟಿತು, ಉತ್ತರ ಪಡೆಯಿತು’ ಎಂಬ ವಾದವೂ ‘ಮೈಸೂರು ಉಂಡಿತು, ಉತ್ತರ ಹಸಿಯಿತು’ ಎಂಬ ವಾದವೂ ಮೈಸೂರನ್ನು ಒಂದೇ ಮುಷ್ಟಿಯಾಗಿ ಭಾವಿಸುತ್ತವೆ. ಸಂಪಿಗೆಯಂತಹ ಊರಿನಿಂದ ನೋಡಿದರೆ ಆ ಮುಷ್ಟಿಯಲ್ಲಿ ಉದ್ದ-ಗಿಡ್ಡ ಬೆರಳುಗಳಿವೆ.

ಮೈಸೂರಿನ ಮುಂದಾಳತ್ವ ಸಾಹಿತ್ಯದಲ್ಲಿ ಫಲಿಸಿ ರಾಜಕೀಯದಲ್ಲಿ ಎಲ್ಲೆ ಕಂಡುದೇಕೆಂಬುದು ಇಷ್ಟರಿಂದ ತಿಳಿಯುತ್ತದೆ. ಗ್ರಂಥವೊಂದನ್ನು ಸಂಪಾದಿಸಿ ಕೊಟ್ಟರೆ ಕೊಟ್ಟವರಲ್ಲಿ ಅದು ಕಡಿಮೆಯಾಗುವುದಿಲ್ಲ. ಅಧಿಕಾರ ಮತ್ತು ನೀರು ಹಂಚಿದಷ್ಟೂ ಕಡಿಮೆಯಾಗುತ್ತವೆ. ಆದ್ದರಿಂದ ಬಲವಿದ್ದವನ ಮುಂದಾಳತ್ವ ಎಷ್ಟು ಕಟ್ಟಿದನೆಂಬುದರ ಜೊತೆಗೆ ಎಷ್ಟನ್ನು ಬಿಟ್ಟುಕೊಟ್ಟನೆಂಬುದರಿಂದಲೂ ಅಳೆಯಲ್ಪಡುತ್ತದೆ. ಕಟ್ಟಿದ್ದಕ್ಕೆ ಮೈಸೂರಿಗೆ ಕೀರ್ತಿ ಸಾಕಷ್ಟು ಸಂದಿದೆ. ಬಹುಮತವನ್ನು, ಗದ್ದುಗೆಯನ್ನು, ಕೊನೆಗೆ ಹೆಸರನ್ನು ಅದು ಗೊಣಗುತ್ತಲೇ ಆದರೂ ಬಿಟ್ಟುಕೊಟ್ಟ ಸಂಗತಿಯನ್ನು ಏಕೀಕರಣದ ಚರಿತ್ರೆಕಾರರು ಇನ್ನೂ ಪೂರ್ಣವಾಗಿ ಬರೆಯಬೇಕಾಗಿದೆ. ಹರಿಹರದ ಸೇತುವೆ ಈಗ ಎರಡು ಸರ್ಕಾರಗಳ ನಡುವಿನ ಗಡಿಯಲ್ಲ. ಅದರ ಎರಡೂ ದಡಗಳ ನಡುವಿನ ಲೆಕ್ಕವನ್ನು ಸರಿದೂಗಿಸುವ ಕೆಲಸ ಮಾತ್ರ ಉಳಿದಿದೆ.